ಅಂಚೆಯಲ್ಲಿ ಬರುವ ಬೀಜ

ಬೆಳೆಯುವ ಪೈರನ್ನು ಮೊಳಕೆಯಲ್ಲಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಬೀಜ ಮಾರುವವನು ಮೊಳಕೆ ಕಾಣುವುದಕ್ಕೆ ಮೊದಲೇ ಹಣವನ್ನು ಕೇಳುತ್ತಾನೆ. ಹಿತ್ತಲಿನಲ್ಲಿ ನಾಲ್ಕು ಟೊಮೆಟೊ ಗಿಡಗಳನ್ನು ಬೆಳೆಯಬೇಕೆಂದು ನಾವು ದೂರದ ಊರಿನ ವರ್ತಕನಿಗೆ ಬರೆದು ಅಂಚೆಯಲ್ಲಿ ಬೀಜವನ್ನು ತರಿಸುತ್ತೇವೆ. ಬಟ್ಟೆಯನ್ನಾದರೆ ಮುಟ್ಟಿ ನೋಡಬಹುದು, ಬದನೆಕಾಯಿಯನ್ನಾದರೆ ಒತ್ತಿ ನೋಡಬಹುದು. ಬೀಜದೊಳಗಿನ ಜೀವವನ್ನಾಗಲಿ ಅದರ ಕುಲವನ್ನಾಗಲಿ ಕಣ್ಣಿನಿಂದ ಅಳೆಯಲಾಗದು. ಮೋಸ ತಿಳಿಯುವ ಹೊತ್ತಿಗೆ ಬಿತ್ತನೆಯ ಕಾಲವೇ ಮೀರಿರುತ್ತದೆ. ಹೀಗಿರುವಲ್ಲಿ ಯಾರನ್ನು ನಂಬಬೇಕು? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದನ್ನು ಶ್ರೋತೃಗಳ ಮುಂದೆ ಸಂಕ್ಷೇಪವಾಗಿ ಇಡುವುದು ನಮ್ಮ ಉದ್ದೇಶ.

ಟೊಮೆಟೊ ಈ ನಾಡಿನ ಬೆಳೆಯಲ್ಲ. ಅದರ ಕಾಡುಕುಲ ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ್ದು. ಮೆಕ್ಸಿಕೋ ದೇಶದಲ್ಲಿ ಅದು ತೋಟದ ಬೆಳೆಯಾಗಿ, ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪಿಗೆ ಬಂದಿತು. ನಮ್ಮವರು ಅದನ್ನು ಚಪ್ಪರಬದನೆ ಎಂದು ಕರೆದು ಬದನೆಯ ಬಳಗಕ್ಕೆ ಸೇರಿಸಿದುದು ಸಸ್ಯಶಾಸ್ತ್ರಕ್ಕೂ ಒಪ್ಪುವ ಮಾತೇ ಆಗಿದೆ. ಹೀಗೆ ದೇಶದಿಂದ ದೇಶಕ್ಕೆ ಸಂಚರಿಸಿದ ಬೆಳೆಯ ಹೊಸ ಹೊಸ ತಳಿಗಳನ್ನು ಬಯಸುವವರಿಗೆ, ನೆರೆಮನೆಯಿಂದ ಬೀಜ ಕೇಳಿ ತರುವ ಹಳೆಯ ಪದ್ಧತಿ ಸಾಲದಾಯಿತು. ದೂರದ ವರ್ತಕನೇ ಬೇಕಾದನು.

ಆ ವರ್ತಕನಿಗೆ ದಾರಿಯನ್ನು ತೆರೆದದ್ದು ರೈಲು ಮತ್ತು ಅಂಚೆ. ೧೮೪೦ರಲ್ಲಿ ಇಂಗ್ಲೆಂಡಿನಲ್ಲಿ ಕಾಗದವೊಂದಕ್ಕೆ ಒಂದು ಪೆನ್ನಿಯ ಅಂಚೆವೆಚ್ಚವು ಜಾರಿಗೆ ಬಂದಿತು. ೧೮೦೬ರಲ್ಲಿ ರೆಡಿಂಗ್ ಪಟ್ಟಣದಲ್ಲಿ ಆರಂಭವಾಗಿದ್ದ ಸಟನ್ ಮನೆತನದ ಅಂಗಡಿಯು ಈ ಸೌಕರ್ಯಗಳಿಂದ ದೇಶದ ಮೂಲೆಮೂಲೆಗೂ ಬೀಜವನ್ನು ಕಳುಹಿಸುವಂತಾಯಿತು.

ಮಾರುವವನು ಕಣ್ಣಿಗೆ ಮರೆಯಾದಷ್ಟೂ ಮೋಸಕ್ಕೆ ಅವಕಾಶ ಹೆಚ್ಚಿತು. ಕೆಲವು ವರ್ತಕರು ಅಗ್ಗದ ಬೀಜವನ್ನು ಕಾಸಿ ಕೊಂದು, ಒಳ್ಳೆಯ ಬೀಜದೊಡನೆ ಬೆರೆಸಿ ತೂಕವನ್ನು ಹೆಚ್ಚಿಸುತ್ತಿದ್ದರು. ಕೊಲ್ಲುವುದೇಕೆ? ಆ ಬೀಜ ಮೊಳೆತರೆ ಬೇರೊಂದು ಗಿಡವಾಗಿ ಎದ್ದು ನಿಂತು ಸಾಕ್ಷಿ ಹೇಳುತ್ತದೆ. ಸತ್ತ ಬೀಜ ಬಾಯಿಬಿಡುವುದಿಲ್ಲ. ಹಳೆಯ ಬೀಜಕ್ಕೆ ಬಣ್ಣಕಟ್ಟಿ ಹೊಸದೆಂದು ಮಾರುವುದೂ ಇತ್ತು. ಈ ಎರಡನ್ನೂ ಅಪರಾಧವೆಂದು ಸಾರುವ ಶಾಸನವನ್ನು ಬ್ರಿಟಿಷ್ ಪಾರ್ಲಿಮೆಂಟು ೧೮೬೯ರಲ್ಲಿ ಮಾಡಿತು. ಅದೇ ವರ್ಷ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಥಾರಾಂಟಿನಲ್ಲಿ ಫ್ರೀಡ್ರಿಖ್ ನೊಬ್ಬೆ ಎಂಬ ವಿದ್ವಾಂಸನು ಪ್ರಪಂಚದ ಮೊದಲ ಬೀಜಪರೀಕ್ಷಾಲಯವನ್ನು ಸ್ಥಾಪಿಸಿದನು. ಬೀಜಗಳನ್ನು ಎಣಿಸಿ, ತೇವದಲ್ಲಿಟ್ಟು, ನೂರಕ್ಕೆ ಎಷ್ಟು ಮೊಳೆತವೆಂದು ಬರೆದಿಡುವುದು: ಇಷ್ಟು ಸರಳವಾದ ಕ್ರಮದಿಂದ ವರ್ತಕನ ಮಾತಿಗೆ ಬದಲಾಗಿ ಒಂದು ಅಂಕಿ ನಮ್ಮ ಕೈಗೆ ಬಂದಿತು.

ಶಾಸನ ಬರುವುದಕ್ಕೆ ಮುಂಚೆಯೇ ಸತ್ಯವನ್ನು ವ್ರತವಾಗಿ ಹಿಡಿದವರೂ ಇದ್ದರು. ಅಮೆರಿಕದ ಷೇಕರ್ ಎಂಬ ಧಾರ್ಮಿಕ ಪಂಗಡದವರು ತೋಟದ ಬೀಜವನ್ನು ಸಣ್ಣ ಕಾಗದದ ಪೊಟ್ಟಣಗಳಲ್ಲಿ ಮಾರಿ ಹೆಸರಾದವರು. ತಾವು ಬೆಳೆಯದ ಬೀಜವನ್ನು ಹೊರಗಿನಿಂದ ಕೊಂಡು ತಮ್ಮ ಬೀಜದಲ್ಲಿ ಬೆರೆಸಿ ಮಾರುವುದಿಲ್ಲವೆಂದು ಅವರ ಕೆಲವು ನೆಲೆಗಳವರು ೧೮೧೯ರಲ್ಲಿ ಒಪ್ಪಂದ ಬರೆದುಕೊಂಡರು. ಟೊಮೆಟೊವಿನ ಮಟ್ಟಿಗೆ ಸ್ಮರಿಸಬೇಕಾದವನು ಓಹಾಯೋ ಪ್ರಾಂತದ ಅಲೆಕ್ಸಾಂಡರ್ ಲಿವಿಂಗ್‌ಸ್ಟನ್. ಆತ ವರ್ಷಗಟ್ಟಲೆ ಅಂದವಾದ ಹಣ್ಣುಗಳನ್ನೇ ಆರಿಸಿ ಬೀಜ ತೆಗೆದು ಬಿತ್ತಿ ಸೋತನು. ಕಡೆಗೆ ಹಣ್ಣನ್ನು ಬಿಟ್ಟು, ಎಲ್ಲ ಹಣ್ಣೂ ಒಂದೇ ಸಮನಾಗಿದ್ದ ಇಡೀ ಗಿಡವನ್ನೇ ಆರಿಸಿದನು. ಹಾಗೆ ಹುಟ್ಟಿ ೧೮೭೦ರಲ್ಲಿ ಹೊರಬಂದ ತಳಿಯೇ ನುಣುಪಾದ ‘ಪ್ಯಾರಗನ್’. ೧೮೭೬ರಲ್ಲಿ ಫಿಲಡೆಲ್ಫಿಯಾದಲ್ಲಿ ವ್ಯಾಪಾರಕ್ಕೆ ನಿಂತ ಬರ್ಪಿಯು, ೧೮೮೮ರಲ್ಲಿ ಫೋರ್ಡ್‌ಹುಕ್ ಎಂಬ ಹೊಲವನ್ನು ಕೊಂಡು ಬೀಜಗಳನ್ನು ಅಲ್ಲಿ ಬೆಳೆಸಿ ಪರೀಕ್ಷಿಸತೊಡಗಿದನು. ಆದರೂ ಅಮೆರಿಕದ ಅನೇಕ ವರ್ತಕರು ಬಣ್ಣದ ಚಿತ್ರಗಳಿಂದ ತುಂಬಿದ ಬೆಲೆಪಟ್ಟಿಯ ಒಂದು ಮೂಲೆಯಲ್ಲಿ, ಬೆಳೆಗೆ ತಾವು ಹೊಣೆಯಲ್ಲವೆಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು. ಚಿತ್ರವನ್ನು ಮೊದಲು ನೋಡದೆ ಸಣ್ಣಕ್ಷರವನ್ನು ಮೊದಲು ಓದಿದವನೇ ಜಾಣ!

ನಮ್ಮ ದೇಶದಲ್ಲಿ ೧೮೨೦ರಲ್ಲಿ ವಿಲಿಯಂ ಕೇರಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಕೃಷಿ ಮತ್ತು ತೋಟಗಾರಿಕೆಯ ಸಂಘವು ಪರದೇಶದ ಬೀಜಗಳನ್ನು ತರಿಸಿ ಹಂಚಿತು. ೧೮೭೭ರಲ್ಲಿ ವಿ. ಪಿ. ಅಂಚೆ ಬಂದ ಮೇಲೆ, ಕಟ್ಟು ಕೈಸೇರಿದಾಗ ಹಣ ಕೊಟ್ಟರೆ ಸಾಕೆಂಬ ಅನುಕೂಲವಾಯಿತು. ಆದರೆ ಅಂಚೆಯವನು ಕಟ್ಟನ್ನು ತಲುಪಿಸಬಲ್ಲನೇ ಹೊರತು ಅದರೊಳಗಿನ ಜೀವಕ್ಕೆ ಜಾಮೀನು ನಿಲ್ಲಲಾರನು. ಬಿಸಿಲೂ ತೇವವೂ ಬೀಜದ ಶತ್ರುಗಳು. ಒಳ್ಳೆಯ ಬೀಜವೂ ದಾರಿಯಲ್ಲಿ ಸಾಯಬಹುದು. ೧೯೬೬ರ ಬೀಜ ಶಾಸನದ ತರುವಾಯ ಇಲ್ಲಿಯೂ ಅಂಕಿಗಳು ಬಂದವು. ಪ್ರಮಾಣಿತ ಟೊಮೆಟೊ ಬೀಜವು ನೂರಕ್ಕೆ ೭೦ರಷ್ಟಾದರೂ ಮೊಳೆಯಬೇಕು, ನೂರಕ್ಕೆ ೯೮ರಷ್ಟಾದರೂ ಶುದ್ಧವಾಗಿರಬೇಕು ಎಂದು ನಿಯಮವಾಯಿತು. ೧೯೭೩ರಲ್ಲಿ ಬೆಂಗಳೂರಿನಿಂದಲೇ ‘ಕರ್ನಾಟಕ’ ಎಂಬ ಸಂಕರ ಟೊಮೆಟೊ ತಳಿ ಹೊರಬಂದಿತು. ಸಂಕರ ತಳಿಯ ಹಣ್ಣಿನ ಬೀಜವನ್ನು ಬಿತ್ತಿದರೆ ತಾಯಿಯಂತಹ ಗಿಡ ಬರುವುದಿಲ್ಲ. ಪ್ರತಿ ಸಲವೂ ವರ್ತಕನ ಬಾಗಿಲಿಗೇ ಹೋಗಬೇಕು. ಸ್ಥಿರವಾದ ತಳಿಯಾದರೆ ಹಾಗಲ್ಲ. ಟೊಮೆಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ, ಮನೆಯ ಬೀಜವೇ ಮುಂದಿನ ವರ್ಷಕ್ಕೆ ಆಗುತ್ತದೆ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟು. ಬಣ್ಣಿಸುವವನಿಗಿಂತ ಲೆಕ್ಕ ಕೊಡುವವನು ಮೇಲು. ತಳಿಯ ಹೆಸರು, ಅದು ಸಂಕರವೇ ಅಲ್ಲವೇ ಎಂಬ ಮಾತು, ಪರೀಕ್ಷೆಯ ತಾರೀಖು, ಮೊಳಕೆಯ ಪ್ರಮಾಣ ಇವುಗಳನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವವನನ್ನೂ, ಕೇಳಿದರೆ ಬೇಸರಪಡದೆ ಉತ್ತರ ಬರೆಯುವವನನ್ನೂ ಆರಿಸಬೇಕು. ಮೊದಲ ಸಲ ಸ್ವಲ್ಪವೇ ತರಿಸಬೇಕು. ಬಂದ ಬೀಜದಲ್ಲಿ ಇಪ್ಪತ್ತನ್ನು ಎಣಿಸಿ, ಒದ್ದೆಬಟ್ಟೆಯಲ್ಲಿ ಮಡಿಸಿ ಬೆಚ್ಚಗಿನ ಕಡೆ ಇಟ್ಟು, ಬಟ್ಟೆ ಆರದಂತೆ ನೋಡಿಕೊಂಡರೆ, ಸುಮಾರು ಹತ್ತು ದಿನಗಳಲ್ಲಿ ಉತ್ತರ ದೊರೆಯುತ್ತದೆ. ಹದಿನಾಲ್ಕು ಮೊಳೆತರೆ ವರ್ತಕನು ಮಾತು ಉಳಿಸಿಕೊಂಡನೆಂದು ತಿಳಿಯಬಹುದು. ಐದೇ ಮೊಳೆತರೆ ಬಿತ್ತನೆಯ ಕಾಲ ಮೀರುವುದರೊಳಗೆ ಬೇರೆ ಕಡೆಗೆ ಬರೆಯಬಹುದು. ಥಾರಾಂಟಿನ ಪರೀಕ್ಷಾಲಯವು ಹೀಗೆ ನಮ್ಮ ಅಡಿಗೆಮನೆಯ ಗೂಡಿನಲ್ಲಿಯೇ ಇರಬಲ್ಲದು. ನಂಬಿಕೆ ಒಳ್ಳೆಯದು, ಎಣಿಸಿ ನೋಡಿ ನಂಬಿದರೆ ಇನ್ನೂ ಒಳ್ಳೆಯದು.