ಗ್ಯಾರೇಜು ಕಾರ್ಮಿಕರ ಮೈಸೇರುವ ಸೀಸ

ವಾಹನ ದುರಸ್ತಿ ಅಂಗಡಿ ಎಂದೊಡನೆ ಗ್ರೀಸು, ಸುಟ್ಟ ಆಯಿಲ್, ಹೊಗೆ ನೆನಪಾಗುವುದು ಸಹಜ. ಆದರೆ ಅಲ್ಲಿ ದುಡಿಯುವವರನ್ನು ದೀರ್ಘಕಾಲ ಕಾಡುವ ವಿಷಗಳಲ್ಲಿ ವಾಸನೆಯಾಗಲಿ ಉರಿಯಾಗಲಿ ಇಲ್ಲದ ಸೀಸದ ಧೂಳು ಮುಖ್ಯವಾದುದು. ಕೆಮ್ಮು ಬಾರದ ಕಾರಣ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತಿತು. ಅದಕ್ಕೂ ಮುನ್ನ ಪೈಪನ್ನು ಬಾಯಲ್ಲಿಟ್ಟು ಪೆಟ್ರೋಲ್ ಎಳೆಯುತ್ತಿದ್ದ, ಅದರಲ್ಲೇ ಕೈ ತೊಳೆಯುತ್ತಿದ್ದ ಮೆಕ್ಯಾನಿಕ್‌ಗಳ ದೇಹಕ್ಕೆ ಸೀಸ ನೇರವಾಗಿಯೇ ಸೇರುತ್ತಿತ್ತು. ಆ ದಾರಿ ಮುಚ್ಚಿದರೂ ಉಳಿದವು ತೆರೆದೇ ಇವೆ. ವಾಹನದ ಸಾಮಾನ್ಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ ಮತ್ತು ಅದರ ಸಂಯುಕ್ತಗಳದ್ದು. ಬ್ಯಾಟರಿ ಬಿಚ್ಚಿ ಪ್ಲೇಟು ಬದಲಿಸುವಾಗ, ಸೆಲ್‌ಗಳನ್ನು ಜೋಡಿಸಲು ಸೀಸ ಕರಗಿಸುವಾಗ ಆವಿ, ಧೂಳು ಎರಡೂ ಏಳುತ್ತವೆ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರುಗಳ ಬೆಸುಗೆಯಲ್ಲಿ ತವರದ ಜತೆ ಸೀಸವಿದೆ. ಟಿಂಕರಿಂಗ್ ಬಳಿಕ ಹಳೆಯ ಬಣ್ಣ ಕೆರೆಯುವವರದು ಮತ್ತೊಂದು ಕಥೆ. ಹಳದಿ, ಕಿತ್ತಳೆ ಬಣ್ಣಗಳಲ್ಲಿ ಬಳಸುವ ಲೆಡ್ ಕ್ರೋಮೇಟ್ ಸೀಸದೊಡನೆ ಕ್ರೋಮಿಯಂ ಅನ್ನೂ ಹೊತ್ತು ತರುತ್ತದೆ. ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ 2016ರ ನಿಯಮವು ಮನೆಗಳಿಗೆ ಬಳಿಯುವ ಬಣ್ಣಗಳಿಗಷ್ಟೇ ಅನ್ವಯ.

ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆ ಸೇರಿದ್ದು ದಶಕಗಳ ಕಾಲ ಅಲ್ಲೇ ಕೂರುತ್ತದೆ. ವಯಸ್ಕರ ದೇಹದಲ್ಲಿರುವ ಸೀಸದ ಶೇ 90ಕ್ಕೂ ಹೆಚ್ಚು ಭಾಗ ಮೂಳೆಯಲ್ಲಿರುತ್ತದೆ. ಹೀಗಾಗಿ ಕೆಲಸ ಬಿಟ್ಟ ಎಷ್ಟೋ ವರ್ಷಗಳ ಬಳಿಕವೂ, ಮೂಳೆ ಸವೆಯುವ ವಯಸ್ಸಿನಲ್ಲಿ, ಅದು ಪುನಃ ರಕ್ತಕ್ಕೆ ಇಳಿಯಬಲ್ಲದು.

ರೋಗಲಕ್ಷಣಗಳೇ ವೈದ್ಯರನ್ನೂ ದಾರಿ ತಪ್ಪಿಸುತ್ತವೆ. ಹೊಟ್ಟೆ ಹಿಂಡಿದಂಥ ನೋವು, ಮಲಬದ್ಧತೆ, ರಕ್ತಹೀನತೆ, ತಲೆನೋವು, ಮರೆವು, ಕಾರಣವಿಲ್ಲದ ಸಿಡುಕು. ಗ್ಯಾಸ್ಟ್ರಿಕ್ ಎಂದು ಒಂದು ಮಾತ್ರೆ, ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಇನ್ನೊಂದು ಮಾತ್ರೆ ಪಡೆದು ರೋಗಿ ಅದೇ ಬೆಂಚಿಗೆ ಮರಳುತ್ತಾನೆ. ವಿಷ ಹೆಚ್ಚಿದಾಗ ಒಸಡಿನ ಅಂಚಿನಲ್ಲಿ ನೀಲಿ ಗೆರೆ ಕಾಣಿಸಬಹುದು. ನರಗಳು ಸೋತು ಮಣಿಕಟ್ಟು ಜೋತುಬೀಳಬಹುದು. ಇಷ್ಟು ತೀವ್ರವಲ್ಲದ ಪ್ರಮಾಣದಲ್ಲಿಯೂ ರಕ್ತದೊತ್ತಡ ಏರುತ್ತದೆ, ಮೂತ್ರಪಿಂಡಕ್ಕೆ ಧಕ್ಕೆಯಾಗುತ್ತದೆ. ಪುರುಷರಲ್ಲಿ ವೀರ್ಯಾಣುಗಳ ಗುಣಮಟ್ಟವೂ ಕುಸಿಯಬಹುದು. ‘ಏನು ಕೆಲಸ ಮಾಡುತ್ತೀರಿ?’ ಎಂಬ ಒಂದು ಪ್ರಶ್ನೆಯನ್ನು ವೈದ್ಯರು ಕೇಳಿದರೆ ಅರ್ಧ ರೋಗನಿದಾನ ಅಲ್ಲಿಯೇ ಆದಂತೆ. ಉಳಿದರ್ಧವನ್ನು ರಕ್ತದ ಸೀಸದ ಪರೀಕ್ಷೆ ಹೇಳುತ್ತದೆ. ಪ್ರತಿ 100 ಮಿ.ಲೀ. ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದರೆ ಮೂಲವನ್ನು ಪತ್ತೆಹಚ್ಚಿ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ. ಸುರಕ್ಷಿತ ಮಟ್ಟವೆಂಬುದು ಇಲ್ಲವೆಂದೂ ಅದು ಹೇಳುತ್ತದೆ.

ಕಾರ್ಮಿಕನ ಬಟ್ಟೆ, ಚಪ್ಪಲಿ, ತಲೆಗೂದಲಿನೊಡನೆ ಧೂಳು ಮನೆಗೂ ಬರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅವರ ಬೆಳೆಯುವ ಮೆದುಳಿಗಾಗುವ ಹಾನಿಯನ್ನು ಸರಿಪಡಿಸುವ ಔಷಧಿಯಿಲ್ಲ.

ಸೀಸದ ವಿಷ ಕುರಿತ ರಾಷ್ಟ್ರೀಯ ಪರಾಮರ್ಶನ ಕೇಂದ್ರ ರೂಪುಗೊಂಡದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ. ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅದರ ರೂವಾರಿ. ಆದರೂ ಕಾನೂನಿನ ಕಣ್ಣಿಗೆ ಸಣ್ಣ ಅಂಗಡಿಗಳು ಬೀಳುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯು ಸೀಸದ ವಿಷಬಾಧೆಯನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿರಿಸಿತ್ತು. ಆದರೆ ವಿದ್ಯುತ್ ಬಳಸುವ ಘಟಕವೊಂದು ಕಾರ್ಖಾನೆ ಎನಿಸಿಕೊಳ್ಳಲು 10 ಕಾರ್ಮಿಕರಿರಬೇಕಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಈ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ಮೂವರು ದುಡಿಯುವ ಬ್ಯಾಟರಿ ಅಂಗಡಿ ಅಂದೂ ಕಾರ್ಖಾನೆಯಲ್ಲ, ಇಂದೂ ಅಲ್ಲ.

ಹಾಗೆಂದು ಮುನ್ನೆಚ್ಚರಿಕೆ ದುಬಾರಿಯೇನಲ್ಲ. ಬಣ್ಣವನ್ನು ಒದ್ದೆ ಮಾಡಿ ಉಜ್ಜುವುದು, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಸೀಸ ಕರಗಿಸುವ ಜಾಗಕ್ಕೆ ಗಾಳಿಯಾಡುವಂತೆ ಮಾಡುವುದು, ಊಟಕ್ಕೂ ಬೀಡಿಗೂ ಮುನ್ನ ಸೋಪಿನಿಂದ ಕೈ ತೊಳೆಯುವುದು, ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಅಗತ್ಯ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸೀಸದ ಆವಿ ತಡೆಯುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಿದ್ದರೆ ದೇಹ ಹೆಚ್ಚು ಸೀಸ ಹೀರುವುದರಿಂದ ರಾಗಿ, ಸೊಪ್ಪು, ಹಾಲು ಊಟದಲ್ಲಿರುವುದು ಒಳ್ಳೆಯದು. ತೀವ್ರ ಪ್ರಕರಣಗಳಲ್ಲಿ ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಕೀಲೇಷನ್ ಚಿಕಿತ್ಸೆ ಇದೆ. ಆದರೆ ಆಸ್ಪತ್ರೆಯಿಂದ ಹೊರಬಂದವರು ಮತ್ತೆ ಅದೇ ಧೂಳಿಗೆ ಮರಳಿದರೆ ರಕ್ತದ ಸೀಸ ಪುನಃ ಏರುತ್ತದೆ.