ಕಡಿದಾದ ಮನೆಯಂಗಳ: ಹುಲ್ಲುಹಾಸಿಗಿಂತ ಮೆಟ್ಟಿಲು ಮಡಿಯೇ ಲೇಸು

ಸಿಂಧನೂರು-ರಾಯಚೂರು ರಸ್ತೆಯಲ್ಲಿರುವ ಜವಳಗೇರಾದ ಸುತ್ತಮುತ್ತ ನೆಲ ಬಹುಪಾಲು ಸಮತಟ್ಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಈ ಎರೆಸೀಮೆಯಲ್ಲಿ ಮನೆಯ ಮುಂದೆ ಇಳಿಜಾರು ಕಂಡರೆ ಅದು ಹೆಚ್ಚಾಗಿ ಮನುಷ್ಯ ನಿರ್ಮಿತವೇ. ಮಳೆನೀರು ಒಳನುಗ್ಗದಿರಲೆಂದು ಪಾಯವನ್ನು ಎತ್ತರಿಸಿ, ಮುಂದೆ ಮಣ್ಣು ತುಂಬಿ ರಸ್ತೆಯತ್ತ ಇಳಿಬಿಟ್ಟಾಗ ಅಂಗಳ ಕಡಿದಾಗುತ್ತದೆ. ಅಲ್ಲಿ ಹುಲ್ಲು ಬೆಳೆಸಿದರೆ ಕತ್ತರಿಸುವುದು ಕಷ್ಟ. ಬಿಟ್ಟರೆ ಹಾವು-ಚೇಳುಗಳಿಗೆ ಆಸರೆ. ಎಲ್ಲಕ್ಕಿಂತ ಮಿಗಿಲಾಗಿ, ತುಂಬಿದ ಮಣ್ಣು ಕೊಚ್ಚಿಹೋದರೆ ಪಾಯದ ಬುಡವೇ ಬಯಲಾಗುತ್ತದೆ.

ಮೊದಲು ಅಳತೆ

3 ಅಡಿ ಅಡ್ಡಳತೆಗೆ 1 ಅಡಿಗಿಂತ ಹೆಚ್ಚು ಇಳಿಯುವ ನೆಲದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು ಅಪಾಯಕರ. ನೇರವಾದ ಹಲಗೆ ಮತ್ತು ರಸಮಟ್ಟದಿಂದ ಇದನ್ನು ಮನೆಯವರೇ ಅಳೆಯಬಹುದು. ಇಳಿಜಾರು ಅದಕ್ಕಿಂತ ಕಡಿದಾಗಿದ್ದರೆ ಹುಲ್ಲುಹಾಸಿನ ಆಸೆ ಬಿಡುವುದು ಒಳಿತು. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತ ಮೇಲೆ ಅದನ್ನು ಹಸಿರಾಗಿಡುವುದೂ ಸುಲಭವಲ್ಲ.

ಎರೆಮಣ್ಣಿನ ಸ್ವಭಾವ

ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಗೋಡೆಯ ಬೆನ್ನಿಗೆ ಇದೇ ಮಣ್ಣನ್ನು ತುಂಬಿದರೆ ಮಳೆಗಾಲದಲ್ಲಿ ಅದು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಾಲುವೆಗಳ ದಂಡೆಗೂ ಇದೇ ತೊಂದರೆಯಿದೆ. ಮುಂಬೈ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿ ಅವರು ಇದಕ್ಕೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ನಡುವೆ ಹಾಕುವ ವಿಧಾನವನ್ನು ರೂಪಿಸಿದರು. ಎರೆನೆಲದ ಕಾಲುವೆಗಳಿಗಾಗಿ ಇರುವ ಐಎಸ್ 9451 ಮಾರ್ಗಸೂಚಿಯಲ್ಲಿಯೂ ಇಂಥ ಪದರಕ್ಕೆ ಸ್ಥಾನವಿದೆ. ಮನೆಯಂಗಳದಲ್ಲಿಯೂ ಉಬ್ಬುವ ಮಣ್ಣನ್ನು ಗೋಡೆಯಿಂದ ದೂರವಿಡುವುದೇ ಮೂಲಸೂತ್ರ.

ಮೆಟ್ಟಿಲು ಮಡಿಗಳು

ಮೊದಲಿಗೆ ಮಾಳಿಗೆಯ ನೀರನ್ನು ಕೊಳವೆಯ ಮೂಲಕ ನೇರವಾಗಿ ಚರಂಡಿಗೆ ಹರಿಸಬೇಕು. ಅದು ಇಳಿಜಾರಿನ ಮೇಲೆ ಬಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ. ಅನಂತರ ಇಳಿಜಾರನ್ನು ಎರಡು-ಮೂರು ಮೆಟ್ಟಿಲುಗಳಾಗಿ ಕಡಿದು, ಪ್ರತಿ ಮೆಟ್ಟಿಲಿಗೂ 2 ಅಡಿ ಮೀರದ ಕಲ್ಲಿನ ಒಡ್ಡು ಕಟ್ಟಬಹುದು. ತಳದ ಸಾಲಿನ ಕಲ್ಲುಗಳು ನೆಲದೊಳಗೆ ಹೂತಿರಬೇಕು. ಒಡ್ಡು ಮಣ್ಣಿನ ಕಡೆಗೆ ತುಸು ಬಾಗಿರಬೇಕು. ಬೆನ್ನಿಗೆ ಜಲ್ಲಿ ತುಂಬಿದರೆ ನೀರು ನಿಲ್ಲುವುದಿಲ್ಲ. ಸಿಮೆಂಟಿನಲ್ಲಿ ಕಟ್ಟುವುದಾದರೆ ನೀರು ಹೊರಬರಲು ತಳದಲ್ಲಿ ರಂಧ್ರಗಳನ್ನು ಬಿಡುವುದು ಕಡ್ಡಾಯ. 3 ಅಡಿ ಮೀರುವ ಗೋಡೆಗೆ ಎಂಜಿನಿಯರರ ಸಲಹೆ ಪಡೆಯಬೇಕು.

ಮಣ್ಣು ಹಿಡಿಯುವ ಲಾವಂಚ

ಕಲ್ಲಿನ ಖರ್ಚು ಭರಿಸಲಾಗದವರಿಗೆ ಲಾವಂಚ ನೆರವಾಗುತ್ತದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯ ರೈತರು ಇದನ್ನು ಹೊಲದ ಬದುಗಳಲ್ಲಿ ಬಹುಕಾಲದಿಂದ ಬೆಳೆಸುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಲಾವಂಚದ ಬೇಲಿಯನ್ನು ಮಣ್ಣು ಸಂರಕ್ಷಣೆಯ ಸಾಧನವಾಗಿ ಹಲವು ದೇಶಗಳಿಗೆ ಪರಿಚಯಿಸಿದರು.

ಇದರ ಬೇರು ಅಕ್ಕಪಕ್ಕಕ್ಕೆ ಹರಡದೆ 2-3 ಮೀಟರ್ ಆಳಕ್ಕೆ ನೇರವಾಗಿ ಇಳಿಯುತ್ತದೆ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, 10-15 ಸೆಂಟಿಮೀಟರ್ ಅಂತರದಲ್ಲಿ ಸಸಿ ನೆಡಬೇಕು. ಸಾಲು ಕೂಡಿಕೊಂಡ ಮೇಲೆ ನೀರಿನ ವೇಗ ತಗ್ಗಿ, ಮಣ್ಣು ಅದರ ಹಿಂದೆ ತಂಗುತ್ತದೆ. ವರ್ಷಕ್ಕೆ ಎರಡು-ಮೂರು ಬಾರಿ ಕುಡುಗೋಲಿನಿಂದ ಸವರಿದರೆ ಸಾಕು. ಸಾಲುಗಳ ನಡುವೆ ಲೋಳೆಸರ, ನಿತ್ಯಪುಷ್ಪ, ಕಾಗದದ ಹೂವಿನಂಥ ಬಿಸಿಲು ತಾಳುವ ಗಿಡಗಳು ಚೆನ್ನ. ಹಳದಿ ಹೂವಿನ ವೆಡೇಲಿಯಾ ಬೇಗ ನೆಲ ಮುಚ್ಚುತ್ತದೆಯಾದರೂ ಅಂಗಳ ಮೀರಿ ಕಳೆಯಾಗುವುದರಿಂದ ಅದನ್ನು ದೂರವಿಡಬೇಕು.

ಕೆಲಸದ ಕಾಲ

ಮಣ್ಣು ಮತ್ತು ಕಲ್ಲಿನ ಕೆಲಸ ನೆಲ ಒಣಗಿರುವ ಬೇಸಿಗೆಯಲ್ಲಿಯೇ ಮುಗಿಯಬೇಕು. ನಾಟಿ ಜೂನ್-ಜುಲೈ ಮಳೆಗೆ ಆಗಬೇಕು. ರಾಯಚೂರು ಜಿಲ್ಲೆಯಲ್ಲಿ ಸೆಪ್ಟೆಂಬರಿನಲ್ಲಿ ಮಳೆಯ ರಭಸ ಹೆಚ್ಚು. ಅಷ್ಟರೊಳಗೆ ಬೇರು ಹಿಡಿಯದ ಇಳಿಜಾರು ಜರಿಯುವುದುಂಟು. ಆದಕಾರಣ ಮೊದಲ ವರ್ಷ ಬರಿನೆಲದ ಮೇಲೆ ಭತ್ತದ ಹುಲ್ಲನ್ನು ಹರಡಿ, ಗೂಟ-ಹಗ್ಗಗಳಿಂದ ಬಿಗಿಯಬೇಕು. ಸಿಂಧನೂರು ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಪ್ರತಿ ದೊಡ್ಡ ಮಳೆಯ ನಂತರ ಒಡ್ಡಿನ ರಂಧ್ರಗಳಲ್ಲಿ ಕಟ್ಟಿಕೊಂಡ ಕೆಸರನ್ನು ತೆಗೆಯುತ್ತಿದ್ದರೆ ಅಂಗಳವೂ ಪಾಯವೂ ಬಹುಕಾಲ ಉಳಿಯುತ್ತವೆ.