ಉಪ್ಪಲಿ ಬುರುಜಿನಿಂದ ಕಾಣುವ ವಿಜಯಪುರ

ವಿಜಯಪುರಕ್ಕೆ ಬರುವ ಪ್ರವಾಸಿಗರು ಗೋಳಗುಮ್ಮಟ, ಬಾರಾ ಕಮಾನ್, ಇಬ್ರಾಹಿಂ ರೋಜಾಗಳನ್ನು ಒಂದೊಂದಾಗಿ ನೋಡಿ ಮುಗಿಸುತ್ತಾರೆ. ಇವೆಲ್ಲ ಒಂದೇ ಮನೆತನದ ಮೂರು ತಲೆಮಾರಿನ ಕಥೆ ಎಂಬುದು ಕಣ್ಣಿಗೆ ಕಟ್ಟಬೇಕಾದರೆ ಸಂಜೆಯ ಹೊತ್ತು ಉಪ್ಪಲಿ ಬುರುಜನ್ನು ಏರಬೇಕು.

ಊರಿನ ಪಶ್ಚಿಮದಲ್ಲಿ, ಕೋಟೆಗೋಡೆಯ ಒಳಗಿರುವ ಈ ದುಂಡು ಗೋಪುರ ಸುಮಾರು 80 ಅಡಿ ಎತ್ತರವಾಗಿದೆ. ಮೆಟ್ಟಿಲುಗಳು ಅದರ ಹೊರಮೈಯನ್ನು ಸುತ್ತಿಕೊಂಡು ಮೇಲೇರುತ್ತವೆ. ಸರದಾರ ಹೈದರ್ ಖಾನ್ 1584ರ ಸುಮಾರಿಗೆ ಕಟ್ಟಿಸಿದ್ದರಿಂದ ಇದಕ್ಕೆ ಹೈದರ್ ಬುರುಜು ಎಂಬ ಹೆಸರೂ ಉಂಟು. ಒಂದನೆಯ ಅಲಿ ಆದಿಲಶಾಹನು ಕೋಟೆಯ ಬುರುಜುಗಳ ಕೆಲಸವನ್ನು ಸರದಾರರಿಗೆ ಹಂಚಿದಾಗ ಹೈದರ್ ಖಾನ್ ದಂಡಿನೊಡನೆ ದೂರ ಹೋಗಿದ್ದನಂತೆ. ಮರಳಿ ಬಂದಾಗ ತನ್ನ ಪಾಲಿಗೆ ಏನೂ ಉಳಿಯದ್ದನ್ನು ಕಂಡು, ಎಲ್ಲಕ್ಕಿಂತ ಎತ್ತರದ ಬುರುಜನ್ನೇ ಕಟ್ಟಿಸಿದ ಎಂಬುದು ಜನರ ಹೇಳಿಕೆ. ಮೇಲೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಳೆ ಬಿಗಿದು ಮಾಡಿದ ಎರಡು ತೋಪುಗಳಿವೆ. ಒಂದರ ಉದ್ದವೇ ಸುಮಾರು 30 ಅಡಿ.

ಸೂರ್ಯ ಇಳಿಯುವಾಗ ಪಶ್ಚಿಮಕ್ಕೆ ನೋಡಿದರೆ ಕೋಟೆಯಾಚೆ ಇಬ್ರಾಹಿಂ ರೋಜಾದ ಮಿನಾರುಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ. ಪೂರ್ವಕ್ಕೆ ತಿರುಗಿದರೆ, ಎರಡು ಕಿ.ಮೀ.ಗೂ ಮೀರಿದ ದೂರದಲ್ಲಿ, ಗೋಳಗುಮ್ಮಟದ ಮೇಲೆ ಕೊನೆಯ ಬಿಸಿಲು ಬಿದ್ದಿರುತ್ತದೆ. ಇವೆರಡರ ನಡುವಿನ ಊರಿನಲ್ಲಿ ಬಾರಾ ಕಮಾನಿನ ಬರಿಯ ಕಮಾನುಗಳು ನಿಂತಿವೆ.

ಬುರುಜು ಕಟ್ಟಿದಾಗ ಈ ಮೂರರಲ್ಲಿ ಒಂದೂ ಇರಲಿಲ್ಲ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಮನ ಸಮಾಧಿ ಸೂಕ್ಷ್ಮ ಕೆತ್ತನೆಗೆ ಹೆಸರಾಯಿತು. ಮಗ ಮಹಮ್ಮದನು (ಮರಣ 1656) ಕೆತ್ತನೆಯನ್ನು ಬಿಟ್ಟು ಗಾತ್ರಕ್ಕೆ ಒಲಿದ. ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಮೊಮ್ಮಗ ಎರಡನೆಯ ಅಲಿ 1672ರಲ್ಲಿ ತೀರಿಕೊಂಡಾಗ ಅವನ ಸಮಾಧಿ ಕಮಾನುಗಳಲ್ಲೇ ನಿಂತಿತು. ಅದೇ ಬಾರಾ ಕಮಾನ್. ಅವನ ಮಗ ಸಿಕಂದರನ ಪಾಲಿಗೆ ಕಟ್ಟುವ ಕಾಲವೇ ಬರಲಿಲ್ಲ. 1685ರಲ್ಲಿ ಮೊಗಲರು ಹಾಕಿದ ಮುತ್ತಿಗೆ ಒಂದು ವರ್ಷಕ್ಕೂ ಮೀರಿ ನಡೆದು, 1686ರ ಸೆಪ್ಟೆಂಬರಿನಲ್ಲಿ ಊರು ಔರಂಗಜೇಬನ ಕೈಸೇರಿತು. ಶತ್ರುವನ್ನು ದೂರದಿಂದಲೇ ಕಾಣಬಲ್ಲ ಬುರುಜಿಗೂ ಒಳಗಿನ ಹಸಿವನ್ನು ತಡೆಯಲಾಗಲಿಲ್ಲ.

ಬುರುಜಿನ ಕಾವಲಿನ ಕೆಲಸ ಮುಗಿದಿದೆ, ನೋಟ ಉಳಿದಿದೆ. ಆ ನೋಟಕ್ಕೆ ಈಗ ಕಾವಲು ಬೇಕು. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೆ ಒಂದು ಸ್ಮಾರಕದಿಂದ ಇನ್ನೊಂದಕ್ಕಿರುವ ದೂರ ಇದಕ್ಕಿಂತ ಬಹಳ ಹೆಚ್ಚು. ನಡುವೆ ಎತ್ತರದ ಕಟ್ಟಡಗಳು ಎದ್ದರೆ ಸ್ಮಾರಕಗಳು ಬಿಡಿಬಿಡಿಯಾಗಿ ಉಳಿದಾವು. ಅಜ್ಜ, ಮಗ, ಮೊಮ್ಮಗರನ್ನು ಒಂದೇ ಸುತ್ತಿನಲ್ಲಿ ತೋರಿಸುವ ಈ ನೋಟ ಉಳಿಯದು.